ಬಾಕಿ ಪ್ರಕರಣಗಳು: ಒಂಬತ್ತು

ನಾನು ಮೊದಲ ಸಲ ಎದ್ದು ಹೋದದ್ದು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದೂಕಾಲಕ್ಕೆ, ಏಳನೇ ತರಗತಿಯ ಮೂರನೇ ಪೀರಿಯಡ್ಡಿನಲ್ಲಿ. ಮೇಷ್ಟ್ರು ಹಲಗೆಯ ಮೇಲೆ ಏನೋ ಬರೆಯುತ್ತಿದ್ದರು. "ಸಾರ್, ನೀರು ಕುಡಿದು ಬರ್ತೀನಿ" ಅಂದೆ. "ಹೂಂ" ಅಂದರು, ತಿರುಗಿ ನೋಡಲಿಲ್ಲ. ನೀರು ಕುಡಿದೆ. ವಾಪಸು ಬರಲಿಲ್ಲ. ಹಲಗೆಯ ಮೇಲೆ ಕೊನೆಗೆ ಏನು ಬರೆದರೋ ಇವತ್ತಿಗೂ ಗೊತ್ತಿಲ್ಲ. ಆಮೇಲಿನ ಇಪ್ಪತ್ತಾರು ವರ್ಷದಲ್ಲಿ ಹದಿನಾಲ್ಕು ಊರು ಆಯಿತು. ಲಾರಿ ತೊಳೆದೆ, ಬಾವಿ ತೋಡಿದೆ, ಪೋಸ್ಟರ್ ಅಂಟಿಸಿದೆ, ಅದೇ ಪೋಸ್ಟರ್ ಕೀಳುವ ಕೆಲಸವನ್ನೂ ಮಾಡಿದೆ. ಯಾವ ಊರಿನ ಕ್ಷೌರಿಕನೂ ನನ್ನ ತಲೆಯನ್ನು ಮೂರನೇ ವರ್ಷ ನೋಡಿದ್ದಿಲ್ಲ.

ಇದನ್ನೆಲ್ಲ ಮೊದಲೇ ಹೇಳಲು ಕಾರಣವಿದೆ. ಮೇಲ್ಕಂಡ ನೀರು ಕುಡಿದ ಸಂಗತಿಯು ಈಗ ನ್ಯಾಯಾಲಯದ ಪಟ್ಟಿಯಲ್ಲಿ ಸೇರಿದೆ. ಆದ್ದರಿಂದ ಅದನ್ನು ಸತ್ಯವೆಂದೇ ಭಾವಿಸತಕ್ಕದ್ದು.

ಹದಿನೈದನೇ ಊರಿಗೆ ಕಾಲಿಟ್ಟಾಗ ನನ್ನ ಆಸ್ತಿ ಎಂದರೆ ಒಂದು ಚೀಲ, ಒಂದು ಕೊಡೆ, ಎತ್ತರಕ್ಕೆ ಹೆದರದ ಎರಡು ಕಾಲು. ಅಲ್ಲಿಯ ನ್ಯಾಯಾಲಯದ ಕಟ್ಟಡಕ್ಕೆ ವಿದ್ಯುನ್ಮಾನ ಪರದೆಗಳನ್ನು ಕೂರಿಸುವ ಗುತ್ತಿಗೆಯನ್ನು ಒಬ್ಬರು ಹಿಡಿದಿದ್ದರು. ಅವರು ನ್ಯಾಯಾಲಯದ ಶಿರಸ್ತೇದಾರರ ಹೆಂಡತಿಯ ತಮ್ಮ. ಟೆಂಡರ್ ಕರೆದದ್ದು ಶಿರಸ್ತೇದಾರರು, ತೆರೆದದ್ದು ಶಿರಸ್ತೇದಾರರು, ಒಳಗಿದ್ದದ್ದು ಒಂದೇ ಲಕೋಟೆ. ಪೈಪೋಟಿ ಬಿರುಸಾಗಿತ್ತು ಎಂದು ಕಡತದಲ್ಲಿ ನಮೂದಾಗಿದೆ. ಊರೆಲ್ಲ ಈ ಗುತ್ತಿಗೆದಾರರನ್ನು ಭಾವ ಎಂದೇ ಕರೆಯುತ್ತಿತ್ತು. ಎಲ್ಲರಿಗೂ ಸಂಬಂಧ ಬೇಕಿತ್ತು.

"ಓದಕ್ಕೆ ಬರುತ್ತಾ?" ಎಂದರು ಭಾವ.

"ಏಳನೇ ಕ್ಲಾಸು, ಮೂರನೇ ಪೀರಿಯಡ್ ತನಕ."

"ಸಾಕು. ಅದಕ್ಕಿಂತ ಹೆಚ್ಚು ಓದಿದೋರು ಪ್ರಶ್ನೆ ಕೇಳ್ತಾರೆ. ಹತ್ತು ನೋಡೋಣ."

ಏಣಿ ಹತ್ತಿದೆ. ಅವತ್ತಿನಿಂದ ನನ್ನ ಹೆಸರೇ ಏಣಿ ಆಯಿತು. ಇಳಿಯುವಷ್ಟರಲ್ಲಿ ಹನಿ ಬೀಳತೊಡಗಿತ್ತು. "ಈಗ್ಲೇ ತಂದ್ಕೊಡ್ತೀನಿ" ಎಂದು ಭಾವ ನನ್ನ ಕೊಡೆ ಹಿಡಿದುಕೊಂಡು ಹೋದರು. ಭಾವನಿಗೆ ಕೊಟ್ಟದ್ದು ಭಾವನದು ಎಂಬ ನಿಯಮ ಆ ಊರಿನಲ್ಲಿ ಮೊದಲಿಂದಲೂ ಜಾರಿಯಲ್ಲಿತ್ತು. ನಾನು ಹೊಸಬ.

ಕಟ್ಟಡದಲ್ಲಿ ನಾಲ್ಕು ಕೋರ್ಟು ಹಾಲು, ಒಂದು ಉದ್ದ ಜಗಲಿ, ಜಗಲಿಯ ತುಂಬ ಬೆಂಚು. ಕಾದು ಕಾದು ಬೇಸತ್ತವರು ಬೆಂಚಿನ ಮೇಲೆ ಮೊಳೆಯಿಂದ ಹೆಸರು ಕೆತ್ತಿದ್ದರು. ಕೆಲವು ಹೆಸರಿನ ಕೆಳಗೆ ಅವರ ಮಕ್ಕಳ ಹೆಸರೂ ಇತ್ತು. ಜಗಲಿಯ ನಡುವೆ ನಿಂತು ಹೆಸರು ಕೂಗುತ್ತಿದ್ದವನನ್ನು ಕೂಗಜ್ಜ ಎನ್ನುತ್ತಿದ್ದರು. ಪ್ರತಿಯೊಬ್ಬರನ್ನೂ ಮೂರು ಸಲ ಕೂಗಬೇಕು. ಮೂರನೇ ಕೂಗಿಗೂ ಬಾರದಿದ್ದರೆ ಕೇಸು ವಜಾ. ಕೂಗಜ್ಜನ ಕ್ರಮವೇ ಬೇರೆ. ಎರಡು ಕೂಗು ಲಗುಬಗೆಯಿಂದ ಮುಗಿಸಿ ಬೆಂಚಿನ ಕಡೆ ನೋಡುತ್ತಿದ್ದ. "ಚೀಲ ಇದೆ ಅಂದ್ರೆ ಮನುಷ್ಯ ಇಲ್ಲೇ ಎಲ್ಲೋ ಇದಾನೆ" ಎನ್ನುತ್ತಿದ್ದ. ಕೂಡಲೇ ಅವನಿಗೆ ಕೆಮ್ಮು ಬರುತ್ತಿತ್ತು. ಕೆಮ್ಮಿ, ನೀರು ಕುಡಿದು, ಮೂಗು ಒರೆಸಿ, ಕಕ್ಷಿದಾರ ಶೌಚಾಲಯದಿಂದ ಓಡಿ ಬರುವುದು ಕಣ್ಣಿಗೆ ಬಿದ್ದ ಮೇಲೆಯೇ ಮೂರನೇ ಕೂಗು. ಮೂವತ್ತೊಂದು ವರ್ಷದಲ್ಲಿ ಆ ಊರಿನಲ್ಲಿ ಒಬ್ಬನೂ ಉಚ್ಚೆಗೆ ಹೋಗಿ ಆಸ್ತಿ ಕಳೆದುಕೊಂಡಿರಲಿಲ್ಲ. ಇದು ಯಾವ ಕಾನೂನಿನಲ್ಲೂ ಇರಲಿಲ್ಲ. ಆದ್ದರಿಂದಲೇ ಸರಿಯಾಗಿ ನಡೆಯುತ್ತಿತ್ತು.

ಜಗಲಿಯ ಕೊನೆಯ ಕಂಬದ ಬಳಿ ಹೊಲಿಗೆಯಮ್ಮ ಕೂರುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಒಬ್ಬ ಕಳ್ಳ ಅಂಗಡಿಯಿಂದ ಬಟ್ಟೆ ಕದ್ದು, ಷರಟು ಹೊಲಿಯಲು ಇವಳಿಗೆ ಕೊಟ್ಟಿದ್ದ. ಪೊಲೀಸರು ಬಂದಾಗ ಬಟ್ಟೆ ಸೂಜಿಯ ಕೆಳಗಿತ್ತು. ಬಟ್ಟೆಯ ಜೊತೆ ಯಂತ್ರವನ್ನೂ ಜಪ್ತಿ ಮಾಡಿದರು. ಕಳ್ಳ ತಪ್ಪೊಪ್ಪಿಕೊಂಡ, ಶಿಕ್ಷೆ ಆಯಿತು, ಶಿಕ್ಷೆ ಮುಗಿಸಿ ಹೊರಬಂದ, ಮದುವೆಯಾದ. ಯಂತ್ರ ಇನ್ನೂ ಒಳಗೇ ಇತ್ತು. ಅದನ್ನು ಬಿಡಿಸಿಕೊಳ್ಳಲು ಹಾಕಿದ ಅರ್ಜಿಯ ದಿನಾಂಕಕ್ಕೆ ಕಾಯುತ್ತ, ಅವಳು ಜಗಲಿಯಲ್ಲೇ ವಕೀಲರ ಕರಿಕೋಟಿಗೆ ಗುಂಡಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದಳು. ಕೈಹೊಲಿಗೆ. ಬೆರಳ ತುದಿಯೆಲ್ಲ ಜರಡಿಯಾಗಿತ್ತು.

"ಇನ್ನೊಂದೇ ಡೇಟು ಅಂತಾರಪ್ಪಾ. ಬರೋ ತಿಂಗಳು ಹದಿನಾಲ್ಕಕ್ಕೆ ಆರ್ಡರ್ ಆಗುತ್ತೆ, ಯಂತ್ರ ಕೊಡ್ತಾರೆ" ಎಂದಳು ನನಗೆ, ನಾನು ಅವಳ ಕಂಬದ ಮೇಲೆ ಪರದೆಗೆ ತೂತು ಕೊರೆಯುವಾಗ. ಸುಣ್ಣದ ಪುಡಿ ಅವಳ ತಲೆ ಮೇಲೆ ಬೀಳುತ್ತಿತ್ತು. ಅವಳು ಜಾಗ ಬಿಡಲಿಲ್ಲ. ಒಂಬತ್ತು ವರ್ಷದ ಜಾಗ.

ಆ ವಾರವೇ ಪ್ರಕಟಣೆ ಹೊರಬಿತ್ತು:

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಬರುವ ತಿಂಗಳ ಮೊದಲ ತಾರೀಖಿನಿಂದ ಕಕ್ಷಿದಾರರನ್ನು ಬಾಯಿಯಿಂದ ಕೂಗತಕ್ಕದ್ದಲ್ಲ. ಬಾಯಿಯಿಂದ ಕೂಗಲ್ಪಟ್ಟ ಹೆಸರನ್ನು ಕೂಗಲ್ಪಡದ ಹೆಸರೆಂದೇ ಪರಿಗಣಿಸಲಾಗುವುದು. ಪ್ರತಿಯೊಂದು ಪ್ರಕರಣವು ಪರದೆಯ ಮೇಲೆ ತಲಾ ನಾಲ್ಕು ಸೆಕೆಂಡಿನಂತೆ ಮೂರು ಸಲ ಮಿನುಗತಕ್ಕದ್ದು. ಪರದೆಯಲ್ಲಿ ಇರುವ ಪ್ರಕರಣವು ಇದೆ. ಇಲ್ಲದ ಪ್ರಕರಣವು ಇಲ್ಲ. ಓದಲು ಬಾರದವರು ಓದಲು ಬರುವವರನ್ನು ಸ್ವಂತ ಜವಾಬ್ದಾರಿಯಲ್ಲಿ ಕರೆತರತಕ್ಕದ್ದು. ಜಪ್ತಿ ಮಾಲಿನ ಕೋಣೆಯನ್ನು ಕಂಟ್ರೋಲ್ ರೂಮಾಗಿ ಪರಿವರ್ತಿಸುವುದರಿಂದ, ಸದರಿ ತಿಂಗಳ ಮೂವತ್ತರೊಳಗೆ ಆದೇಶ ಪಡೆದು ಬಿಡಿಸಿಕೊಳ್ಳದ ಮಾಲನ್ನು ಹರಾಜು ಹಾಕಲಾಗುವುದು."

"ಏನಪ್ಪಾ ಬರ್ದಿದೆ? ನಂಗೆ ಟೇಪಿನ ಮೇಲಿನ ಅಂಕಿ ಬಿಟ್ರೆ ಬೇರೆ ಓದು ಬರಲ್ಲ" ಎಂದಳು ಹೊಲಿಗೆಯಮ್ಮ.

ಓದಿ ಹೇಳಿದೆ.

"ಹದಿನಾಲ್ಕು ಅಂದ್ರೆ ಮೂವತ್ತರ ಒಳಗೇ ಬಂತಲ್ಲ" ಎಂದು ನಿಟ್ಟುಸಿರು ಬಿಟ್ಟು ದಾರ ಪೋಣಿಸಿದಳು. ಲೆಕ್ಕದಲ್ಲಿ ಅವಳು ಗಟ್ಟಿ.

ಪರದೆಗಳು ಇಪ್ಪತ್ತೆರಡು. ನಾಲ್ಕು ಹಾಲಿಗೆ ಇಪ್ಪತ್ತೆರಡು ಏಕೆ ಎಂದರೆ, ಟೆಂಡರಿನಲ್ಲಿ ಇಪ್ಪತ್ತೆರಡು ಎಂದಿತ್ತು. ಜಗಲಿಗೆ ಆರು, ಹಾಲುಗಳಿಗೆ ನಾಲ್ಕು, ನೀರಿನ ನಲ್ಲಿಯ ಮೇಲೆ ಒಂದು, ಗಂಡಸರ ಶೌಚಾಲಯಕ್ಕೆ ಎರಡು, ಸೈಕಲ್ ನಿಲ್ಲಿಸುವಲ್ಲಿ ಒಂದು. ಮಿಕ್ಕವಕ್ಕೆ ಗೋಡೆ ಸಾಲದೆ ಮೆಟ್ಟಿಲ ಕೆಳಗೆ ಒಂದಕ್ಕೊಂದು ಎದುರಾಗಿ ಕೂರಿಸಿದೆ. ಅವು ಪರಸ್ಪರ ನೋಡಿಕೊಳ್ಳುತ್ತಿದ್ದವು. ಪರಿಶೀಲನೆಗೆ ಬಂದ ಅಧಿಕಾರಿಗಳು ಎಣಿಸಿ, ಇಪ್ಪತ್ತೆರಡು ಸರಿಯಾಗಿದೆ ಎಂದು ಸಹಿ ಹಾಕಿದರು. ಪರದೆಯಲ್ಲಿ ಏನು ಬರುತ್ತದೆ ಎಂದು ಕೇಳುವುದು ಅವರ ನಮೂನೆಯಲ್ಲಿ ಇರಲಿಲ್ಲ.

ಏನೂ ಬರುತ್ತಿರಲಿಲ್ಲ. ಹೆಸರು ತುಂಬುವ ಕೆಲಸವು ಮುಂದಿನ ಯೋಜನೆಗೆ ಸೇರಿದ್ದು, ಮುಂದಿನ ಯೋಜನೆಯು ಈ ಯೋಜನೆ ಯಶಸ್ವಿಯಾದ ಮೇಲಷ್ಟೇ ಮಂಜೂರಾಗಬೇಕಿತ್ತು.

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಭಾವ ಕಂಟ್ರೋಲ್ ರೂಮಿಗೆ ಬಂದರು. ನನ್ನ ಕೊಡೆಯನ್ನು ಅಲ್ಲಿಯ ಮೊಳೆಗೆ ತಮ್ಮದೇ ಎಂಬಂತೆ ನೇತುಹಾಕಿದರು. ಮೊಳೆಯ ಕೆಳಗೆ ಹೊಲಿಗೆಯಮ್ಮನ ಯಂತ್ರ; ಅದರ ಮೇಲೆ ನಾವು ಪರದೆಗಳ ಕರೆಂಟಿನ ಪೆಟ್ಟಿಗೆ ಕೂರಿಸಿದ್ದೆವು. ಒಳ್ಳೆಯ ಎತ್ತರ ಇತ್ತು.

"ನಾಳೆ ದೊಡ್ಡೋರು ಬರ್ತಾರೆ. ಖಾಲಿ ಪರದೆ ಉದ್ಘಾಟನೆ ಮಾಡ್ಸಕ್ಕಾಗುತ್ತಾ? ಏನಾದ್ರೂ ತುಂಬು ಏಣಿ."

"ಏನು ತುಂಬ್ಲಿ?"

"ಜಗಳ ತುಂಬಯ್ಯ. ಕೋರ್ಟಲ್ವಾ ಇದು!"

ಅಲ್ಲಿಯ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಸಂಜೆಯೊಳಗೆ ಒಂಬತ್ತು ಪ್ರಕರಣ ತುಂಬಿದೆ. ಒಂದನೆಯದು, ಪಕ್ಕದ ಮನೆಯ ಗೋಡೆಯ ನೆರಳು ನಮ್ಮ ಅಂಗಳಕ್ಕೆ ಬಿದ್ದ ಬಗ್ಗೆ. ಎರಡನೆಯದು, ಕೋಳಿ ಇನ್ನೊಬ್ಬರ ಹಿತ್ತಲಲ್ಲಿ ಮೊಟ್ಟೆ ಇಟ್ಟ ಬಗ್ಗೆ. ಐದನೆಯದಕ್ಕೆ ಬರುವಾಗ ಕಣ್ಣು ಮೊಳೆಯ ಕಡೆ ಹೋಯಿತು: ಕೊಡೆ ತೆಗೆದುಕೊಂಡು ಹೋಗಿ ವಾಪಸು ಕೊಡದ ಬಗ್ಗೆ. ಎಂಟರವರೆಗೂ ಮಾದರಿ ವಾದಿ, ಮಾದರಿ ಪ್ರತಿವಾದಿ ಎಂದೇ ಹಾಕಿದೆ. ಒಂಬತ್ತನೆಯದಕ್ಕೆ ತಲೆ ಬರಿದಾಯಿತು. ಬರಿದಾದ ತಲೆಗೆ ಹಳೆಯದೇ ನೆನಪಾಗುವುದು. ಸರ್ಕಾರ ವಿರುದ್ಧ ಏಣಿ; ಶಾಲೆಯಿಂದ ನೀರು ಕುಡಿಯಲು ಹೋಗಿ ಹಿಂತಿರುಗದ ಬಗ್ಗೆ.

ಮರುದಿನ ಹಿರಿಯ ನ್ಯಾಯಮೂರ್ತಿಗಳು ಬಂದು ಗುಂಡಿ ಒತ್ತಿದರು. ಇಪ್ಪತ್ತೆರಡು ಪರದೆಗಳೂ ಒಮ್ಮೆಲೇ ಬೆಳಗಿದವು. ಒಂಬತ್ತು ಪ್ರಕರಣಗಳು ಸಾಲಾಗಿ ಬಂದವು, ಕೊನೆಯಲ್ಲಿ ಕಂಪ್ಯೂಟರ್ ತಾನೇ ಕೂಡಿಸಿದ ಒಂದು ಸಾಲು: ಬಾಕಿ ಪ್ರಕರಣಗಳು: ೯.

ಹಿರಿಯರು ಕನ್ನಡಕ ಸರಿಪಡಿಸಿಕೊಂಡರು. "ಒಂಬತ್ತೇ?"

ಶಿರಸ್ತೇದಾರರು ಮೂವತ್ತಮೂರು ವರ್ಷದ ಸರ್ವೀಸಿನಲ್ಲಿ ಒಂದೂ ಸುಳ್ಳು ಹೇಳಿದವರಲ್ಲ. ನಿಜ ಹೇಳಿದ ದಾಖಲೆಯೂ ಇಲ್ಲ. "ಪರದೆಯಲ್ಲಿ ಹಾಗೇ ಇದೆ ಸ್ವಾಮಿ" ಎಂದರು.

"ಹೋದ ತಿಂಗಳು ಹನ್ನೊಂದು ಸಾವಿರ ಅಂತ ಬರೆದು ಕಳಿಸಿದ್ರಲ್ಲ?"

"ಆಗ ಪರದೆ ಇರ್ಲಿಲ್ಲ ಸ್ವಾಮಿ."

ಹಿರಿಯರು ಮತ್ತೊಮ್ಮೆ ಪರದೆ ನೋಡಿದರು. ಆಮೇಲೆ ಹಿರಿಯರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ಎಲ್ಲರೂ ತಟ್ಟಿದರು. ಹನ್ನೊಂದು ಸಾವಿರವನ್ನು ಒಂದೇ ದಿನದಲ್ಲಿ ಒಂಬತ್ತಕ್ಕೆ ಇಳಿಸಿದ ಸಾಧನೆ ಬೇರೆಲ್ಲೂ ಕಂಡಿಲ್ಲವೆಂದು ಭಾಷಣವಾಯಿತು. ಗೋಡೆಗೆ ಕಲ್ಲಿನ ಫಲಕ ಬಿತ್ತು. ಅದರಲ್ಲಿ ಒಂಬತ್ತು ಎಂಬುದನ್ನು ಕೆತ್ತಿದ್ದರು.

ಮಾರನೇ ದಿನ ನಾನು ಶಿರಸ್ತೇದಾರರ ಕೋಣೆಗೆ ಹೋಗಿ, "ಸಾರ್, ಆ ಒಂಬತ್ತು ನಾನು ಸುಮ್ನೆ ತುಂಬಿದ್ದು" ಎಂದೆ.

ಅವರು ಎದ್ದು ಬಾಗಿಲು ಹಾಕಿದರು. "ಯಾರ ಹತ್ರಾನಾದ್ರೂ ಹೇಳಿದ್ಯಾ?"

"ಇಲ್ಲ ಸಾರ್."

"ನನ್ನ ಹತ್ರಾನೂ ಹೇಳಿಲ್ಲ." ಬಾಗಿಲು ತೆಗೆದರು. "ಹೋಗು. ಇವತ್ತಿಂದ ಕಂಟ್ರೋಲ್ ರೂಮಿನ ಉಸ್ತುವಾರಿ ನೀನೇ. ಬೀಗದಕೈ ಇಟ್ಕೋ. ಕಲ್ಲಲ್ಲಿ ಕೆತ್ತಿದ್ದನ್ನ ಗುಂಡಿ ಒತ್ತಿ ಬದಲಾಯಿಸೋದು ನಿಯಮದಲ್ಲಿಲ್ಲ."

ಪಟ್ಟಿಯನ್ನು ಸರಿಪಡಿಸಿದರೆ ಬಾಕಿ ಮತ್ತೆ ಹನ್ನೊಂದು ಸಾವಿರವಾಗುತ್ತದೆ. ಹಿರಿಯರ ಚಪ್ಪಾಳೆ ಸುಳ್ಳಾಗುತ್ತದೆ. ಪರಿಶೀಲನೆಯ ಸಹಿ ಸುಳ್ಳಾಗುತ್ತದೆ. ಕಲ್ಲಿನ ಫಲಕ ಸುಳ್ಳಾಗುತ್ತದೆ. ಮೂರು ಸುಳ್ಳಿಗಿಂತ ಒಂದು ಪರದೆ ವಾಸಿ. ಆದರೆ ಹನ್ನೊಂದು ಸಾವಿರ ಮನೆಗಳ ಜನ ಜಗಲಿಗೆ ಬರುವುದನ್ನು ನಿಲ್ಲಿಸಲಿಲ್ಲ. ಅವರಿಗೆ ತಮ್ಮ ಕೇಸು ಮುಗಿದಿದೆ ಎಂದು ಯಾರೂ ಹೇಳಿರಲಿಲ್ಲ. ವಕೀಲರಿಗೂ ಒಂಬತ್ತು ಕೇಸಿನಲ್ಲಿ ಸಂಸಾರ ಸಾಗುವಂತಿರಲಿಲ್ಲ. ಎಲ್ಲರೂ ಸೇರಿ ಯೋಚಿಸಿದರು. ವಾರದೊಳಗೆ ಹೊಸ ನಿಯಮ:

"ಪರದೆಯಲ್ಲಿ ಇಲ್ಲದ ಕಕ್ಷಿದಾರನು, ತನ್ನ ಅಳಲಿಗೆ ಅತಿ ಸಮೀಪವಾದ, ಪರದೆಯಲ್ಲಿರುವ ಪ್ರಕರಣವನ್ನು ಆರಿಸಿಕೊಂಡು, ನಿಗದಿತ ಶುಲ್ಕ ಮತ್ತು ನಿಗದಿಯಾಗದ ಶುಲ್ಕವನ್ನು ಸಲ್ಲಿಸಿ, ಅದರಲ್ಲಿ ಮಾದರಿ ವಾದಿಯಾಗಿ ನಿಲ್ಲಬಹುದು."

ಜನ ಸಾಲುಗಟ್ಟಿ ನಿಂತರು. ಬೇರೆಯಾಗಲು ಬಂದ ಗಂಡ ಹೆಂಡತಿ ಗೋಡೆಯ ನೆರಳಿನ ಪ್ರಕರಣ ಆರಿಸಿಕೊಂಡರು. ಗೋಡೆಯನ್ನು ಎರಡು ಅಡಿ ತಗ್ಗಿಸಬೇಕೆಂದು ತೀರ್ಪಾಯಿತು. ಇಬ್ಬರೂ ಮನೆಗೆ ಹೋಗಿ ಗೋಡೆ ಹುಡುಕಿದರೆಂದು ಕೇಳಿದೆ. ಅಣ್ಣನ ಮೇಲೆ ಹೊಲದ ಪಾಲಿಗೆ ಬಂದ ತಮ್ಮನಿಗೆ ಕೋಳಿಮೊಟ್ಟೆಯಲ್ಲಿ ಅರ್ಧ ಸಿಕ್ಕಿತು; ಸಿಕ್ಕಿದ್ದೇ ಪಾಲು ಎಂದು ತೆಗೆದುಕೊಂಡು ಹೋದ. ಪ್ರತಿ ತೀರ್ಪಾದ ಮೇಲೂ ಅದೇ ಪ್ರಕರಣ ಮತ್ತೆ ದಾಖಲಾಗುತ್ತಿತ್ತು. ಫಲಕದಲ್ಲಿ ಒಂಬತ್ತು ಎಂದಿರುವಾಗ ಎಂಟಾಗಲು ಬಿಡುವಂತಿರಲಿಲ್ಲ.

ಕೂಗಜ್ಜನನ್ನು ಕೆಲಸದಿಂದ ತೆಗೆಯಲಿಲ್ಲ. ಜಗಲಿಯ ಪರದೆಯ ಕೆಳಗೆ ಒಂದು ಸ್ಟೂಲು ಹಾಕಿ, "ಪರದೆ ವೀಕ್ಷಕ" ಎಂದು ನೇಮಿಸಿದರು. ಬಾಯಿ ಮುಚ್ಚಿ ಕೂರುವುದು ಕೆಲಸ. ಗಂಟಲಿಗೆಂದು ಕೊಡುತ್ತಿದ್ದ ಭತ್ಯೆಯನ್ನು, ಗಂಟಲು ಬಳಕೆಯಲ್ಲಿಲ್ಲದ ಕಾರಣ, ನಿಲ್ಲಿಸಲಾಯಿತು.

ಹದಿನಾಲ್ಕು ಹತ್ತಿರ ಬಂತು. ಹೊಲಿಗೆಯಮ್ಮನ ಕೇಸು ಪರದೆಯಲ್ಲಿ ಇರಲಿಲ್ಲ. ಅವಳ ವಕೀಲರು ಕೋಟಿಗೆ ಮೂರನೇ ಗುಂಡಿ ಹಾಕಿಸಿಕೊಳ್ಳುತ್ತಲೇ ಸಲಹೆ ಕೊಟ್ಟರು.

"ಯಂತ್ರ ಇಲ್ಲಮ್ಮಾ ಪಟ್ಟೀಲಿ. ಆದ್ರೆ ಕೊಡೆ ಇದೆ."

"ಕೊಡೆ ಯಾಕಪ್ಪಾ ನಂಗೆ?"

"ನಿಮ್ಮ ವಸ್ತು ವಾಪಸು ಬರ್ಬೇಕು ತಾನೆ? ಇದೂ ವಸ್ತು ವಾಪಸು ಬರೋ ಕೇಸೇ. ವಸ್ತು ಮಾತ್ರ ಬೇರೆ."

"ಒಂಬತ್ತು ವರ್ಷ ಬೆರಳು ಚುಚ್ಚಿಸ್ಕೊಂಡಿದೀನಿ. ಈಗ ಕೊಡೆ ಮೇಲೆ ಕೂತು ಹೊಲೀಲಾ?"

"ಹೊಲಿಯೋದು ಆಮೇಲೆ ನೋಡ್ಕೊಳೋಣ. ಮೂವತ್ತಕ್ಕೆ ಹರಾಜು. ಈ ಕೇಸೂ ಬಿಟ್ರೆ ಕೊಡೇನೂ ಇಲ್ಲ, ಯಂತ್ರಾನೂ ಇಲ್ಲ. ದಾರ ಕಡೀರಿ."

ಅವಳು ಹಲ್ಲಿನಿಂದ ದಾರ ಕಡಿದಳು. ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ಶಾಯಿ ಸೂಜಿಯ ತೂತುಗಳೊಳಗೆ ಇಳಿದು, ಗುರುತು ಚುಕ್ಕೆಚುಕ್ಕೆಯಾಗಿ ಬಂತು.

ಹದಿನಾಲ್ಕರಂದು ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಕೀಲರು ಇನ್ನೊಂದು ಹಾಲಿನಲ್ಲಿ ಕೋಳಿಯ ಪರ ವಾದಿಸುತ್ತಿದ್ದರು. ಹೊಲಿಗೆಯಮ್ಮ ಕಂಬಕ್ಕೊರಗಿ ಯಾರದೋ ಕೋಟಿನ ತೋಳಿಗೆ ಬಗ್ಗಿದ್ದಳು. ಅವಳ ತಲೆಯ ಮೇಲೆಯೇ ಇದ್ದ ಪರದೆ ಅವಳಿಗೆ ಓದಲು ಬಾರದು. ಐದನೇ ಪ್ರಕರಣ ಒಮ್ಮೆ ಮಿನುಗಿತು. ನಾನು ಏಣಿಯ ಮೇಲೆ, ಜಗಲಿಯ ಆ ತುದಿಯಲ್ಲಿ, ಕೈಯಲ್ಲಿ ಬಿಚ್ಚಿದ ತಂತಿ. "ಅಮ್ಮಾ!" ಎಂದೆ. ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಎರಡನೇ ಸಲ ಮಿನುಗಿತು.

ಆಗ ಕೂಗಜ್ಜ ಕೆಮ್ಮಿದ.

ಮೂವತ್ತೊಂದು ವರ್ಷ ಜಗಲಿಯನ್ನು ಆಳಿದ ಕೆಮ್ಮು ಅದು. ಗದ್ದಲ ಕತ್ತರಿ ಹಾಕಿದಂತೆ ನಿಂತಿತು. ಒಂಬತ್ತು ವರ್ಷದಿಂದ ಆ ಕೆಮ್ಮು ಕೇಳಿದ್ದ ಹೊಲಿಗೆಯಮ್ಮ ಕೋಟನ್ನು ಬಿಸಾಕಿ ಎದ್ದಳು. ಕೂಗಜ್ಜ ಗಲ್ಲದಿಂದ ಒಳಗಿನ ಹಾಲು ತೋರಿಸಿದ. ಮೂರನೇ ಮಿನುಗು ಆರುವಷ್ಟರಲ್ಲಿ ಅವಳ ಒಂದು ಕಾಲು ಹೊಸ್ತಿಲ ಒಳಗಿತ್ತು. ನಾನು ಏಣಿಯಿಂದ ಧುಮುಕಿ ಹಿಂದೆಯೇ ಹೋದೆ.

ನ್ಯಾಯಾಧೀಶರು ತಮ್ಮ ಮುಂದಿನ ಪರದೆಯಿಂದ ತಲೆ ಎತ್ತದೆ ಕೇಳಿದರು. "ಮಾದರಿ ವಾದಿ?"

"ಹೌದು ಸ್ವಾಮಿ, ನಾನೇ."

"ಮಾದರಿ ಪ್ರತಿವಾದಿ?"

ಮೂರು ಸಲ ಮಿನುಗಿಸಲಾಯಿತು. ಯಾರೂ ಬರಲಿಲ್ಲ. ಬಿಲ್ಲಿನ ಸಹಿಗಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಭಾವ, ಏಕೋ, ಎದ್ದು ಹೊರಗೆ ಹೋದರು.

"ಪ್ರತಿವಾದಿ ಗೈರು. ನಿಮ್ಮ ಕೊಡೆಯ ಗುರುತು ಹೇಳಿ."

ಹೊಲಿಗೆಯಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಕಪ್ಪು ಬಣ್ಣ ಸ್ವಾಮಿ. ಕಾಲು ಕಬ್ಬಿಣದ್ದು. ಬಲಗಡೆ ಒಂದು ಚಕ್ರ. ತುಳಿದ್ರೆ ಓಡುತ್ತೆ."

ನ್ಯಾಯಾಧೀಶರ ಲೇಖನಿ ಒಂದು ಕ್ಷಣ ನಿಂತಿತು. ಅವರು ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ಪರದೆ ನೋಡಿದರು. ಪರದೆಯಲ್ಲಿ ಕೊಡೆ ಎಂದಿತ್ತು. ಬರೆದುಕೊಂಡರು.

"ಸದರಿ ಕೊಡೆ ನಿಮಗೆ ಏತಕ್ಕೆ ಬೇಕು?"

"ಅನ್ನಕ್ಕೆ ಸ್ವಾಮಿ."

ಆದೇಶ ಹೀಗಿತ್ತು: "ಕಪ್ಪು ಬಣ್ಣದ, ಕಬ್ಬಿಣದ ಕಾಲುಳ್ಳ, ಒಂದು ಚಕ್ರವನ್ನು ಹೊಂದಿ ತುಳಿದರೆ ಓಡುವ ಕೊಡೆ ಒಂದನ್ನು ಮಾದರಿ ವಾದಿಗೆ ಕೂಡಲೇ ಹಸ್ತಾಂತರಿಸತಕ್ಕದ್ದು."

ಶಿರಸ್ತೇದಾರರು ಆದೇಶದ ಕೊನೆಯ ಸಾಲು ಮಾತ್ರ ಓದುವವರು. "ಏಣಿ, ಒಂದು ಕೊಡೆ ಕೊಟ್ಟು ಸಹಿ ತಗೊಂಡು ಬಾ" ಎಂದರು.

ಕಂಟ್ರೋಲ್ ರೂಮಿನಲ್ಲಿ ಮೊಳೆಗೆ ನನ್ನ ಕೊಡೆ. ಕೆಳಗೆ ಯಂತ್ರ. ಅದರ ಕುತ್ತಿಗೆಯಲ್ಲಿ ಒಂಬತ್ತು ವರ್ಷದ ರಟ್ಟಿನ ಚೀಟಿ: ಹೊಲಿಗೆ ಯಂತ್ರ - ೧. ಕರೆಂಟಿನ ಪೆಟ್ಟಿಗೆಯನ್ನು ಇಳಿಸಿ ಹನ್ನೊಂದು ಸಾವಿರ ಕಡತಗಳ ರಾಶಿಯ ಮೇಲೆ ಇಟ್ಟೆ. ಅವು ಸದ್ಯಕ್ಕೆ ಎಲ್ಲೂ ಹೋಗುವಂತಿರಲಿಲ್ಲ. ಯಂತ್ರದ ಚೀಟಿ ಬಿಚ್ಚಿ ಕೊಡೆಗೆ ಕಟ್ಟಿದೆ. ಇನ್ನೊಂದು ರಟ್ಟು ಹರಿದು, ಕೊಡೆ - ೧ ಎಂದು ಬರೆದು ಯಂತ್ರಕ್ಕೆ ಕಟ್ಟಿದೆ. ನನ್ನ ಓದು ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಗೇಟಿನಲ್ಲಿ ಕಾವಲುಗಾರ ತಡೆದ. ನಾನೂ ಹೊಲಿಗೆಯಮ್ಮನೂ ಆಚೆ ಈಚೆ ಹಿಡಿದುಕೊಂಡಿದ್ದೆವು. ಅವನು ಕಾಗದ ಓದಿದ, ಯಂತ್ರ ನೋಡಿದ, ಮತ್ತೆ ಕಾಗದ ಓದಿದ.

"ಇದು ಕೊಡೇನಾ?"

"ಕಾಗದದಲ್ಲಿ ಏನಿದೆ?"

"ಕೊಡೆ ಅಂತಿದೆ."

"ಚೀಟೀಲಿ?"

"ಕೊಡೆ ಅಂತಿದೆ." ಕಾಲಿನಿಂದ ತುಳಿದು ನೋಡಿದ. ಚಕ್ರ ಒಂದು ಸುತ್ತು ತಿರುಗಿ ಕಿರ್ ಎಂದಿತು. ಅವನ ಮುಖ ನಿರಾಳವಾಯಿತು. "ಓಡುತ್ತೆ. ಸರಿಯಾಗಿದೆ. ಅಲ್ಲಮ್ಮಾ, ಇಷ್ಟು ಭಾರದ ಕೊಡೆ ಮಳೇಲಿ ಹೆಂಗೆ ಹಿಡೀತೀಯ?"

"ರೂಢಿಯಾಗುತ್ತಪ್ಪಾ" ಎಂದಳು.

ಅವನು ಮೊಹರು ಒತ್ತಿದ. ರಸ್ತೆಗೆ ಬಂದ ಮೇಲೆ ಹೊಲಿಗೆಯಮ್ಮ ಯಂತ್ರವನ್ನು ಇಳಿಸಿ, ಸೆರಗಿನಿಂದ ಅದರ ಮುಖ ಒರೆಸಿದಳು. ಎಣ್ಣೆ ಕಾಣದ ಕಬ್ಬಿಣ. ಒರೆಸಿದಲ್ಲೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಮೂವತ್ತಕ್ಕೆ ಹರಾಜಾಯಿತು. "ಹೊಲಿಗೆ ಯಂತ್ರ, ಒಂದು" ಎಂದು ಓದಿದಾಗ ಭಾವ ಕೈ ಎತ್ತಿದರು. ಭಾವ ಕೈ ಎತ್ತಿದ ಮೇಲೆ ಬೇರೆಯವರು ಎತ್ತುವ ಪದ್ಧತಿ ಇರಲಿಲ್ಲ. ಮಾಲು ಕೈಗೆ ಬಂದಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ತಾವು ಎರಡು ತಿಂಗಳು ಹಿಡಿದು ಓಡಾಡಿದ ಕೊಡೆಯೇ. ಕೊಡೆ ಎಂದರೆ, ಅದು ಯಾರದು ಎಂಬ ಪ್ರಶ್ನೆ ಏಳುತ್ತದೆ. ಭಾವ ನನ್ನನ್ನು ನೋಡಿದರು. ನಾನು ಚಾವಣಿ ನೋಡಿದೆ.

"ಒಳ್ಳೆ ಯಂತ್ರ" ಎಂದರು ಭಾವ. "ಮನೇಲಿ ಕೇಳ್ತಿದ್ಲು." ರಸೀತಿಗೆ ಸಹಿ ಹಾಕಿ, ಹೊರಗೆ ಹನಿ ಬೀಳುತ್ತಿದ್ದುದರಿಂದ ಹೊಲಿಗೆ ಯಂತ್ರವನ್ನು ಬಿಚ್ಚಿ ಹಿಡಿದುಕೊಂಡು ಹೋದರು.

ಕೂಗಜ್ಜನಿಗೆ ಮೆಮೊ ಬಂತು: "ತಾವು ದಿನಾಂಕ ಹದಿನಾಲ್ಕರಂದು ಕೆಮ್ಮಿದ ಕೆಮ್ಮು ಒಂದು ಹೆಸರಿನಂತೆ ಕೇಳಿಸಿತೆಂದು ವರದಿಯಾಗಿದೆ. ಇನ್ನು ಮುಂದೆ ಕೆಮ್ಮುವುದಿದ್ದಲ್ಲಿ ಒಂದು ದಿನ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು." ಅವನು ಮೆಮೊವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, ಮೂಗು ಒರೆಸಿಕೊಂಡ.

ಎಲ್ಲವೂ ಸುಸೂತ್ರವಾಗಿರುವಾಗ ಸರದಿ ಒಂಬತ್ತನೆಯದಕ್ಕೆ ಬಂತು. ಅದರಲ್ಲಿ ನಿಲ್ಲಲು ಯಾವ ಕಕ್ಷಿದಾರನೂ ಒಪ್ಪಿರಲಿಲ್ಲ. ಆರೋಪಿಯಾಗಲು ಶುಲ್ಕ ಕಟ್ಟುವವರು ಯಾರು? ಎರಡು ಸಲ ಗೈರು. ವಾರಂಟ್ ಹೊರಟಿತು. ಅದನ್ನು ಜಾರಿ ಮಾಡಲು ಪೇದೆ ಕಂಟ್ರೋಲ್ ರೂಮಿಗೇ ಬಂದ. ಅವನಿಗೂ ನನಗೂ ದಿನಾ ಒಟ್ಟಿಗೆ ಟೀ.

"ಏಣಿ, ಈ ಏಣಿ ಅನ್ನೋನು ಎಲ್ಲಿದಾನೆ ಗೊತ್ತಾ?"

"ಈಗ ತಾನೇ ಇಲ್ಲೇ ಇದ್ದ."

"ಸಿಕ್ರೆ ಹೇಳು. ಶಾಲೆ ಬಿಟ್ಟು ಓಡಿದಾನಂತೆ. ನೋಡು, ಎಂಥೆಂಥ ಜನ ಇರ್ತಾರೆ!" ಸಿಗಲಿಲ್ಲ ಎಂದು ಬರೆದುಕೊಂಡು, ಸಾಕ್ಷಿಗೆ ನನ್ನ ಸಹಿ ಹಾಕಿಸಿಕೊಂಡ.

ಶಿರಸ್ತೇದಾರರು ಕರೆಸಿದರು. "ನೀನೇ ಒಂದ್ಸಲ ನಿಂತುಬಿಡೋ ಏಣಿ. ಒಂಬತ್ತರಲ್ಲಿ ಇದ್ದದ್ದು ಒಂದೇ ಕ್ರಿಮಿನಲ್ಲು, ಶಿಕ್ಷೆ ಆದ್ರೆ ಅಂಕಿಅಂಶ ಚೆನ್ನಾಗಿ ಕಾಣುತ್ತೆ."

"ಕೇಸು ಮಾದರಿ ಅಲ್ವಾ ಸಾರ್?"

"ಕೇಸು ಮಾದರಿ, ಆರೋಪಿ ಮಾದರಿ, ಶಿಕ್ಷೇನೂ ಮಾದರೀನೇ. ಜೈಲು ಮಾತ್ರ ನಿಜದ್ದು. ಎಷ್ಟು, ಆರು ತಿಂಗಳು. ಮತ್ತೆ ಒಂದು ಸಂತೋಷದ ಸುದ್ದಿ: ನಮ್ಮ ಸಾಧನೆ ನೋಡಿ ಇನ್ನೂ ನಲವತ್ತು ನ್ಯಾಯಾಲಯದ ಪರದೆ ಕೆಲಸ ಭಾವನಿಗೇ ಸಿಕ್ಕಿದೆ. ಖರ್ಚು ಉಳಿಯುತ್ತೆ ಅಂತ ಇದೇ ಪಟ್ಟಿ ಅಲ್ಲಿಗೂ ಹಾಕ್ತಾರೆ."

"ಒಂಬತ್ತೂ?"

"ಒಂಬತ್ತೂ. ಫಲಕ ಆಗ್ಲೇ ಕೆತ್ತಕ್ಕೆ ಕೊಟ್ಟಾಯ್ತು."

ನಲವತ್ತೊಂದು ಊರಿನಲ್ಲಿ ನಾನು ಶಾಲೆಯಿಂದ ನೀರು ಕುಡಿಯಲು ಹೋದವನು. ಕಂಟ್ರೋಲ್ ರೂಮಿಗೆ ಬಂದು ಚೀಲ ಹೊರಗೆ ತೆಗೆದೆ. ಎರಡು ಷರಟು, ಒಂದು ಸ್ಕ್ರೂಡ್ರೈವರು, ಒಂದು ಲೋಟ. ಚೀಲದ ಪಟ್ಟಿ ಕಿತ್ತುಹೋಗಿತ್ತು. ಗೇಟಿನ ಆಚೆ ಮರದ ಕೆಳಗೆ ಹೊಲಿಗೆಯಮ್ಮನ ಯಂತ್ರ ಓಡುತ್ತಿತ್ತು. ಅಲ್ಲಿಯ ತನಕ ಹೋಗಿ ಕೊಟ್ಟೆ. ಎರಡೇ ತುಳಿತಕ್ಕೆ ಹೊಲಿದುಕೊಟ್ಟಳು.

"ಎಷ್ಟಮ್ಮಾ?"

"ಕೊಡೇಲಿ ಹೊಲಿದಿದ್ದಕ್ಕೆ ಕೂಲಿ ತಗೊಂಡ್ರೆ ಮತ್ತೊಂದು ಕೇಸಾಗುತ್ತಪ್ಪಾ." ನಗಲಿಲ್ಲ. ಅವಳ ಪಾಲಿಗೆ ಅದು ಈಗ ಕೊಡೆಯೇ. ಮೊಹರು ಒತ್ತಿದ ಕಾಗದ ಯಂತ್ರದ ಖಾನೆಯಲ್ಲಿ ಭದ್ರವಾಗಿತ್ತು. "ಬೆನ್ನು ಕೊಡು." ಚೀಲವನ್ನು ಹೆಗಲಿಗೆ ಹಾಕಿ, ಪಟ್ಟಿ ಎಳೆದು ನೋಡಿದಳು. "ದೂರ ಹೋದ್ರೂ ಹರಿಯಲ್ಲ. ಹೊರಡು."

ಬೀಗದಕೈ ಕೊಡಲು ಜಗಲಿಗೆ ವಾಪಸು ಬಂದೆ. ಪರದೆಯ ಮೇಲೆ ಒಂಬತ್ತನೇ ಪ್ರಕರಣ ಮಿನುಗಿತು. ಸರ್ಕಾರ ವಿರುದ್ಧ ಏಣಿ. ಪೇದೆ ಹಾಲಿನ ಬಾಗಿಲಲ್ಲಿ ನಿಂತು ಜಗಲಿಯ ಜನರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಎರಡನೇ ಸಲ ಮಿನುಗಿತು. ಸ್ಟೂಲಿನ ಮೇಲಿದ್ದ ಕೂಗಜ್ಜ ನನ್ನ ಹೆಗಲ ಚೀಲ ನೋಡಿದ. ಅವನ ಗಂಟಲು ಮೇಲಕ್ಕೂ ಕೆಳಕ್ಕೂ ಒಮ್ಮೆ ಆಡಿತು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಬಂದ ಕೆಮ್ಮನ್ನು ಅವನು ನುಂಗಿಕೊಂಡ.

ಶಿರಸ್ತೇದಾರರು ಮೇಜಿನ ಮೇಲೆ ನಲವತ್ತು ಫಲಕಗಳ ಅಳತೆ ಬರೆಯುತ್ತಿದ್ದರು. ಬೀಗದಕೈಯನ್ನು ಅಂಚಿನಲ್ಲಿಟ್ಟೆ.

"ಸಾರ್, ನೀರು ಕುಡಿದು ಬರ್ತೀನಿ."

"ಹೂಂ" ಅಂದರು, ತಿರುಗಿ ನೋಡಲಿಲ್ಲ.